ಹಿಂದಲ ಬೀದಿಯ ಹದಿನಾಲ್ಕು ಬಾಗಿಲು

ನಮ್ಮೂರಿನಲ್ಲಿ ಸ್ವಂತ ಮನೆಯಿದ್ದವರು ಬಾಗಿಲು ತಟ್ಟುವುದಿಲ್ಲ. ಒಡೆಯ ಕಾಲ್ನಡಿಗೆಯಲ್ಲಿ ಮನೆ ಮುಂದೆ ಬಂದನೆಂದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಅವನು ಒಳಗೆ ಬರುತ್ತಾನೋ, ಸುಮ್ಮನೆ ಹಾದು ಹೋಗುತ್ತಾನೋ, ಅದನ್ನೆಲ್ಲ ಬಾಗಿಲು ಕೇಳುವುದಿಲ್ಲ. ಬಾಡಿಗೆಯವರು ಮಾತ್ರ ತಟ್ಟಬೇಕು, ಒಳಗಿದ್ದವರು ಎದ್ದು ಬಂದು ಚಿಲಕ ತೆಗೆಯಬೇಕು. ಹಾಗಾಗಿ ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಜಾತಕ ನೋಡುವುದಕ್ಕೆ ಮುಂಚೆ ಅವನನ್ನು ಅವನ ಮನೆ ಮುಂದೆ ಒಂದು ಸಲ ನಡೆಸಿ ನೋಡುತ್ತಾರೆ. ಕಾಗದದಲ್ಲಿ ಹೆಂಡತಿಯ ಹೆಸರಿರಲಿ, ಭಾವಮೈದುನನ ಹೆಸರಿರಲಿ, ಸತ್ತ ಅಜ್ಜಿಯ ಹೆಸರಿರಲಿ, ಬಾಗಿಲಿಗೆ ಓದು ಬರುವುದಿಲ್ಲವಲ್ಲ. ಕದ್ದುಮುಚ್ಚಿ ನಾಲ್ಕು ಮನೆ ಮಾಡಿಕೊಂಡವರು ಆ ಬೀದಿಗಳಿಗೆ ಕಾಲಿಡುವುದಿಲ್ಲ. ಹೋಗಲೇಬೇಕಾದರೆ ಸೈಕಲ್ಲೋ ಜಟಕಾವೋ ಹತ್ತುತ್ತಾರೆ, ಏಕೆಂದರೆ ಕಾಲು ನೆಲ ಬಿಟ್ಟರೆ ಬಾಗಿಲಿಗೆ ಗುರುತು ಸಿಗುವುದಿಲ್ಲ. ಮಂಡಿನೋವು ಅಂತ ಹೇಳಿಕೊಂಡು ವರ್ಷಗಟ್ಟಲೆ ಜಟಕಾದಲ್ಲೇ ಓಡಾಡುವ ಗಟ್ಟಿಮುಟ್ಟಾದ ಗಂಡಸರನ್ನು ನೋಡಬೇಕಾದರೆ ನಮ್ಮೂರಿಗೇ ಬರಬೇಕು.

ನನ್ನ ಹೆಸರು ನೀಲಕಂಠಾಚಾರಿ. ಬಾಗಿಲು ಮಾಡುವುದು ನನ್ನ ಕಸುಬು. ಊರಿನ ಅರ್ಧ ಬಾಗಿಲುಗಳು ನನ್ನ ಕೈಯಲ್ಲಿ ಹುಟ್ಟಿದವು. ಅವುಗಳಲ್ಲಿ ಒಂದಾದರೂ ನನಗಾಗಿ ತೆರೆದುಕೊಂಡಿದ್ದಿಲ್ಲ. ಹೆಂಡತಿ ಮಂಗಳ ಮತ್ತು ನಾನು ಹಿಂದಲ ಬೀದಿಯಲ್ಲಿ ಇಪ್ಪತ್ತಾರು ವರ್ಷ ಬಾಡಿಗೆಗಿದ್ದೆವು. ಆ ಬೀದಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕಕ್ಕೂ ಬಾಡಿಗೆಯವರೇ. ತಿಂಗಳಿಗೊಮ್ಮೆ ಒಬ್ಬ ಗುಮಾಸ್ತ ಸೈಕಲ್ಲಿನಲ್ಲಿ ಬಂದು ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದ. ಒಡೆಯರು ಯಾರಪ್ಪ ಎಂದು ಕೇಳಿದರೆ, ದೂರದೂರಿನಲ್ಲಿ ಒಬ್ಬ ವಯಸ್ಸಾದ ವಿಧವೆ ಇದ್ದಾರೆ, ಕಣ್ಣು ಕಾಣುವುದಿಲ್ಲ, ಎನ್ನುತ್ತಿದ್ದ. ಪಾಪದ ಹೆಂಗಸು ಎಂದು ಮಂಗಳ ಪ್ರತಿ ಯುಗಾದಿಗೂ ಅವನ ಕೈಯಲ್ಲಿ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು. ಆ ಹೋಳಿಗೆ ಎಲ್ಲಿಗೆ ಹೋಗುತ್ತಿತ್ತು ಎಂದು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಊರಿನ ಅಧ್ಯಕ್ಷರ ಚುನಾವಣೆ ಬಂದ ವರ್ಷವೇ ಆ ಗುಮಾಸ್ತ ಬಾಡಿಗೆ ಚೀಟಿಯ ಜೊತೆಗೆ ಇನ್ನೊಂದು ಕಾಗದವನ್ನೂ ತಂದ. ಬೇಸಿಗೆ ಮುಗಿಯುವುದರೊಳಗೆ ಹದಿನಾಲ್ಕೂ ಮನೆ ಖಾಲಿ ಮಾಡಬೇಕು, ಅಲ್ಲಿ ಮಾರ್ಕೆಟ್ಟು ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ನನಗೆ ಆಗ ಅರವತ್ತೊಂದು. ಮಂಗಳಳಿಗೆ ಮೊಣಕಾಲು ಹಿಡಿದುಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ನಮಗೆ ಆ ಸೂರು ಬಿಟ್ಟರೆ ಬೇರೆ ಸೂರಿರಲಿಲ್ಲ.

ಚುನಾವಣೆಗೆ ನಿಂತಿದ್ದವರು ಇಬ್ಬರು. ಒಬ್ಬರು ಮಂಡಿ ಸಾಹುಕಾರ ಉಗ್ರಪ್ಪನವರು. ತಮಗೆ ಹನ್ನೊಂದು ಮನೆ ಇದೆಯೆಂದು ಅವರು ಎದೆ ತಟ್ಟಿಕೊಂಡು ಹೇಳುತ್ತಿದ್ದರು. "ಹೊಟ್ಟೆ ತುಂಬಿದೋನು ನಿಮ್ಮ ತಟ್ಟೆಗೆ ಕೈ ಹಾಕಲ್ಲ ಕಣ್ರಪ್ಪ. ಹಸಿದೋನ್ನ ಕೂರಿಸಿದ್ರೆ ಮೊದ್ಲು ಅವನು ಉಣ್ತಾನೆ" ಎನ್ನುವುದು ಅವರ ಭಾಷಣ. ಇನ್ನೊಬ್ಬರು ಚಿದಂಬರಯ್ಯನವರು. ಊರವರ ಬಾಯಲ್ಲಿ ಅವರು ಚಾಪೆ ಚಿದಂಬರಯ್ಯ. ದೇವಸ್ಥಾನದ ಹಿಂದೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಚಾಪೆಯ ಮೇಲೆ ಮಲಗಿ, ಎರಡು ಜೊತೆ ಪಂಚೆಯಲ್ಲಿ ಕಾಲ ಹಾಕುತ್ತಿದ್ದ ಮನುಷ್ಯ. ಬಾಡಿಗೆದಾರರ ಸಂಘ ಕಟ್ಟಿದವರು ಅವರೇ, ನನ್ನನ್ನು ಅದರ ಕಾರ್ಯದರ್ಶಿ ಮಾಡಿದವರೂ ಅವರೇ. ಗೆದ್ದ ಮಾರನೆಯ ದಿನವೇ, ಹತ್ತು ವರ್ಷ ಬಾಡಿಗೆಗಿದ್ದವರನ್ನು ಯಾರೂ ಎಬ್ಬಿಸಕೂಡದು ಎಂದು ಕಾನೂನು ಮಾಡುತ್ತೇನೆ ಅಂದಿದ್ದರು. ನಾನು ಅವರ ಚಾಪೆಯ ಮೇಲೆ ಕೂತು ಅಂಬಲಿ ಕುಡಿದವನು. ದೇವರಿಗೆ ಕೈ ಮುಗಿಯುವಾಗಲೂ ಒಂದೊಂದು ಸಲ ನನಗೆ ಅವರ ಮುಖವೇ ಕಣ್ಣಮುಂದೆ ಬರುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಇಬ್ಬರೂ ಒಬ್ಬರ ಮೇಲೊಬ್ಬರು ಕೆಸರು ಎರಚಿದರು. ಚಾಪೆ ಬರೀ ವೇಷ, ಅಯ್ಯನೋರಿಗೆ ಗುಟ್ಟಾಗಿ ಮನೆಗಳಿವೆ ಎಂದು ಉಗ್ರಪ್ಪ ಕೂಗಿದರು. ಉಗ್ರಪ್ಪನ ಹನ್ನೊಂದು ಮನೆಯೂ ಬಡವರ ಕಣ್ಣೀರಿನಲ್ಲಿ ಕಟ್ಟಿದ್ದು ಎಂದು ಚಿದಂಬರಯ್ಯ ಕೂಗಿದರು. ಇಂಥದ್ದಕ್ಕೆಲ್ಲ ನಮ್ಮೂರಿನಲ್ಲಿ ಹಿಂದಿನಿಂದ ಒಂದು ಕ್ರಮವಿದೆ, ನಡಿಗೆ ಅಂತ. ಅಭ್ಯರ್ಥಿ ಬರಿಗಾಲಲ್ಲಿ, ತಮಟೆಯ ಹಿಂದೆ, ಊರಿನ ಒಂದು ಬೀದಿಯನ್ನೂ ಬಿಡದೆ ನಡೆಯಬೇಕು. ಯಾವ ಬಾಗಿಲು ತೆರೆಯುತ್ತದೆ, ಯಾವುದು ಇಲ್ಲ ಎಂದು ಊರು ನೋಡುತ್ತದೆ.

ಮೊದಲು ನಡೆದವರು ಉಗ್ರಪ್ಪ. ಜರಿ ಪೇಟ ಸುತ್ತಿಕೊಂಡು, ಮೀಸೆ ತಿರುವಿಕೊಂಡು ಹೊರಟರು. ಹನ್ನೊಂದರಲ್ಲಿ ತೆರೆದದ್ದು ಎರಡೇ ಬಾಗಿಲು. ಮಿಕ್ಕ ಒಂಬತ್ತು ಮನೆ ಯಾವ ಕಾಲದಲ್ಲೋ ಕೈಬಿಟ್ಟು ಹೋಗಿದ್ದವು. ಸಾಹುಕಾರರು ಒಂದೊಂದು ಮನೆ ಮುಂದೆಯೂ ನಿಂತು ಕೆಮ್ಮಿದರು, ಬಾಗಿಲಿಗೆ ಕಿವಿ ಕೇಳಿಸದೇನೋ ಅನ್ನುವ ಹಾಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಯಾರೋ ಕೂಗಿದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಒಂಬತ್ತನೆಯ ಬಾಗಿಲಿನ ಮುಂದೆ ಆ ಮನುಷ್ಯ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿಯೇ ನಕ್ಕೆ.

ಅವತ್ತು ಮಧ್ಯಾಹ್ನ ಚಿದಂಬರಯ್ಯ ನನಗೆ ಹೇಳಿಕಳಿಸಿದರು. ಹೋದರೆ ಎಂದಿನಂತೆ ಚಾಪೆಯ ಮೇಲೆ ಕೂತು ನೂಲು ತೆಗೆಯುತ್ತಿದ್ದರು.

"ಬನ್ನಿ ಆಚಾರ್ರೇ. ನಾಳೆ ನನ್ನ ನಡಿಗೆ. ಉಗ್ರಪ್ಪ ಪೆಟ್ಟು ತಿಂದ ಹಾವು, ಸುಮ್ನಿರ್ತಾನಾ? ನಾನು ಹಿಂದಲ ಬೀದಿಗೆ ಬರೋ ಹೊತ್ಗೆ ಅವನ ಕಡೆಯೋರು ಹಿತ್ತಲಿಂದ ನುಗ್ಗಿ ಬಾಗಿಲು ತೆಗೆದುಬಿಟ್ರೆ? ಜನರ ಕಣ್ಣಿಗೆ ನನ್ನ ಮನೆ ಬಾಗಿಲೇ ತೆರೆದ ಹಾಗಾಗುತ್ತೆ."

"ಹಂಗೆ ಮಾಡ್ತಾರಾ ಅಯ್ಯನೋರೇ?"

"ಮಾಡ್ತಾರೆ. ಆ ಬೀದಿ ಪೂರ್ತಿ ನಮ್ಮೋರು ನೋಡಿ, ಅದಕ್ಕೇ ಅವರ ಕಣ್ಣು ಅಲ್ಲೇ. ಎಲ್ಲಾ ಬಾಗಿಲಿಗೂ ಒಳಗಿಂದ, ಥಟ್ಟನೆ ತೆಗೆಯೋಕಾಗದ ಹಾಗೆ, ಒಂದೊಂದು ಗಟ್ಟಿ ಅಗುಳಿ ಹಾಕ್ಕೊಡಿ. ನಿಮ್ಮ ಕೈ ಕೆಲಸ ಅಂದ್ರೆ ನನಗೆ ಧೈರ್ಯ."

ಊರಿನಲ್ಲಿ ನಲವತ್ತು ಬೀದಿಗಳಿದ್ದವು. ನಮ್ಮ ಬೀದಿಗೇ ಯಾಕೆ ಅಗುಳಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಿಮ್ಮ ಕೈ ಕೆಲಸ ಅಂದರಲ್ಲ, ಅಲ್ಲಿಗೇ ಉಬ್ಬಿಹೋದೆ. ಹೊಗಳಿಕೆಗೆ ಬೀಳದ ಕಸುಬುದಾರನನ್ನು ನಾನಂತೂ ಇನ್ನೂ ನೋಡಿಲ್ಲ.

ಬೆಳಗಾಗುವುದರೊಳಗೆ ಹದಿಮೂರು ಅಗುಳಿ ಹಾಕಿದೆ. ಹೊನ್ನೆ ಮರ, ಹಳೆಯದು, ಕಲ್ಲಿನಂಥದ್ದು, ಮುಂಗೈ ದಪ್ಪ. ಎರಡೂ ಕಡೆ ಗೋಡೆಗೆ ಗೂಡು ಕೊರೆದು ಕೂರಿಸಿದೆ. ಆನೆ ಬಂದು ಒದ್ದರೂ ಅಲುಗಬಾರದು, ಹಾಗೆ. ಹದಿನಾಲ್ಕನೆಯದು ನನ್ನ ಮನೆ. ಅದಕ್ಕೆ ಹಾಕಲಿಲ್ಲ. ಅಯ್ಯನವರಿಗೆ ಹಾರ ಹಾಕಲು ನಾನೇ ಬಾಗಿಲಲ್ಲಿ ನಿಂತಿರುತ್ತೇನೆ, ನಾನಿರುವಾಗ ನನ್ನ ಮನೆಗೆ ಯಾವ ಗಂಡಸು ನುಗ್ಗುತ್ತಾನೆ ಎನ್ನುವ ಜಂಬ. ಮಂಗಳ ಒಂದು ಸಲ ಕೇಳಿದಳು. "ಎಲ್ಲರ ಮನೆಗೂ ಹಾಕಿ ನಮ್ಮನ್ನೇ ಬಿಟ್ರಾ?" ಅಂದಳು. ಸುಮ್ಮನಿರೇ ಎಂದು ಗದರಿಸಿದೆ.

ಮಾರನೆಯ ದಿನ ಚಿದಂಬರಯ್ಯ ನಡೆದರು. ಮೂವತ್ತೊಂಬತ್ತು ಬೀದಿಗಳಲ್ಲಿ ಒಂದು ಬಾಗಿಲೂ ಮಿಸುಕಲಿಲ್ಲ. ಜನ ಹೆಜ್ಜೆಗೊಂದು ಸಲ ಜೈಕಾರ ಹಾಕುತ್ತಿದ್ದರು. ಹೆಂಗಸರು ಅವರ ಪಾದಕ್ಕೆ ನೀರು ಹಾಕಿದರು. ಕೊನೆಯಲ್ಲಿ ಹಿಂದಲ ಬೀದಿ. ನಮ್ಮದು ಬೀದಿಯ ತುದಿಯ ಮನೆ, ನಾನು ಸೇವಂತಿಗೆ ಹಾರ ಹಿಡಿದು ನಿಂತಿದ್ದೆ. ಅವರು ಒಂದನೆಯ ಮನೆ ದಾಟಿದರು, ಎರಡನೆಯದು, ಮೂರನೆಯದು. ತಮಟೆಯ ಸದ್ದಿನ ನಡುವೆ ಒಳಗೆಲ್ಲೋ ಏನೋ ಚಟ್ ಎಂದ ಹಾಗೆ ಕೇಳಿಸಿತು. ತಮಟೆಯದೇ ಇರಬೇಕು ಅಂದುಕೊಂಡೆ. ಹದಿಮೂರನ್ನೂ ದಾಟಿ ಅವರು ನನ್ನ ಮುಂದೆ ಬಂದು ಕತ್ತು ಬಗ್ಗಿಸಿದರು. ನಾನು ಹಾರ ಎತ್ತಿದೆ. ಆಗ ನನ್ನ ಬೆನ್ನ ಹಿಂದೆ ಬಾಗಿಲು ತೆರೆದುಕೊಂಡಿತು.

ಸದ್ದೇನೂ ಆಗಲಿಲ್ಲ. ನಾನೇ ಎಣ್ಣೆ ಬಿಟ್ಟ ಕೀಲುಗಳು. ಬೆನ್ನಿಗೆ ಒಳಮನೆಯ ತಂಪು ತಾಗಿದ್ದರಿಂದಲೇ ನನಗೆ ಗೊತ್ತಾಯಿತು. ತಮಟೆ ನಿಂತಿತು. ಒಳಗೆ ಮಂಗಳ ಈಳಿಗೆ ಮಣೆಯ ಮುಂದೆ ಕೂತು, ಅರ್ಧ ಹೆಚ್ಚಿದ ಬದನೆಕಾಯಿ ಹಿಡಿದುಕೊಂಡು ಇಡೀ ಊರನ್ನು ನೋಡುತ್ತಿದ್ದಳು. ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು, ಒಳಗೆ ಯಾರೂ ನುಗ್ಗಿರಲಿಲ್ಲ. ನಾನು ಚಿದಂಬರಯ್ಯನವರ ಮುಖ ನೋಡಿದೆ. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಒಂದು ಅಗುಳಿ ಯಾಕೆ ಹಾಕಲಿಲ್ಲ ಎನ್ನುವ ಸಿಟ್ಟಿತ್ತು.

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂದರೆ, ಒಂದು ಮನೆ ತಾನೇ, ದೊಡ್ಡವರು ಇಟ್ಟುಕೊಂಡಿರಬಹುದು. ಇವರು ಸೋತರೆ ಹದಿನಾಲ್ಕು ಸಂಸಾರ ಬೀದಿಗೆ ಬೀಳುತ್ತದೆ. ಹಿಂದೆ ನಿಂತಿದ್ದ ಉಗ್ರಪ್ಪನ ಕಡೆಯವನೊಬ್ಬ, "ಯಾರ ಮನೆನಪ್ಪ ಇದು?" ಎಂದು ಕೂಗಿದ.

"ನಂದು," ಅಂದೆ. "ನನ್ನ ಮನೆ. ಹೋದ ವಾರ ಕೊಂಡುಕೊಂಡೆ. ಯಾರಿಗೂ ಹೇಳಿರಲಿಲ್ಲ. ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟೆ, ಅದಕ್ಕೇ ತೆರ್ಕೊಂತು."

ಚಿದಂಬರಯ್ಯನವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ನನ್ನನ್ನು ಕಾಪಾಡು ಎಂದು ಕಣ್ಣಲ್ಲೇ ಹೇಳುತ್ತಾರೆ, ಭುಜ ತಟ್ಟಿ ಮುಂದೆ ಹೋಗುತ್ತಾರೆ, ನಾಳೆ ಕರೆಸಿ ಮಾತಾಡುತ್ತಾರೆ ಎಂದೆಲ್ಲ ನಾನು ಅಂದುಕೊಂಡಿದ್ದೆ. ಅವರು ನನ್ನ ಕೈಯಿಂದ ಹಾರ ಕಿತ್ತುಕೊಂಡು ನೆಲಕ್ಕೆಸೆದರು.

"ಆಚಾರ್ರೇ! ಬಾಡಿಗೆದಾರರ ಸಂಘದ ಕಾರ್ಯದರ್ಶಿ ನೀವು! ನನ್ನ ಚಾಪೆ ಮೇಲೆ ಕೂತು ಅಂಬಲಿ ಕುಡಿದೋರು! ಹೊರಗೆ ಬಡವನ ಮುಖ ಹೊತ್ಕೊಂಡು ಒಳಗೊಳಗೇ ಮನೆ ಮಾಡ್ಕೊಂಡ್ರಾ? ನಿಮ್ಮಂಥೋರಿಂದ್ಲೇ ಕಣ್ರಿ ಬಡವರ ಮಾತಿಗೆ ಬೆಲೆ ಇಲ್ಲದ ಹಾಗಾಗಿರೋದು!"

ಅಷ್ಟು ಹೇಳಿ ಅತ್ತರು. ನಿಜವಾದ ಕಣ್ಣೀರು. ಅಳುತ್ತಲೇ ಮುಂದೆ ನಡೆದರು. ಜನ ಅವರ ಹಿಂದೆ ನಡೆಯುತ್ತ, ನನ್ನನ್ನು ದಾಟುವಾಗ ಒಬ್ಬೊಬ್ಬರೂ ಉಗಿದರು. ನಮ್ಮ ಬೀದಿಯವರು ಉಗಿಯಲಿಲ್ಲ. ಪಕ್ಕದ ಮನೆಯ ದಾದಾಪೀರ್, ಹಾಸಿಗೆ ಹೊಲಿಯುವವನು, ಇಪ್ಪತ್ತು ವರ್ಷದ ಗೆಳೆಯ, ನನ್ನ ಮುಖ ನೋಡದೆ ಹಿತ್ತಲ ಕಡೆಯಿಂದ ಒಳಗೆ ಹೋದ. ಅದಕ್ಕಿಂತ ಅವನು ಉಗಿದಿದ್ದರೇ ವಾಸಿಯಿತ್ತು.

ಸಂಜೆ ಅವನೇ ಬಂದು ಕರೆದ. ಅಗುಳಿ ತೆಗೆದುಕೊಡಿ, ಒಳಗೆ ಸಿಕ್ಕಿಕೊಂಡಿದೆ ಅಂದ. ಹಿತ್ತಲಿಂದ ಒಳಗೆ ಹೋಗಿ ನೋಡಿದೆ. ಕಲ್ಲಿನಂಥ ಹೊನ್ನೆ ಮರ ನಡುವೆ ಒಳಕ್ಕೆ ಬಾಗಿ, ಉದ್ದಕ್ಕೆ ಸೀಳು ಬಿಟ್ಟಿತ್ತು. ಅವನ ಪಕ್ಕದ ಮನೆಯಲ್ಲೂ ಹಾಗೇ. ಅದರಾಚೆಯದರಲ್ಲೂ. ಹದಿಮೂರು ಮನೆಯಲ್ಲೂ ಹದಿಮೂರು ಅಗುಳಿಗಳು ಒಂದೇ ಜಾಗದಲ್ಲಿ ಸೀಳಿದ್ದವು. ಹದಿಮೂರೂ ಬಾಗಿಲುಗಳು ಆ ಮನುಷ್ಯನಿಗಾಗಿ ತೆರೆಯಲು ಒದ್ದಾಡಿದ್ದವು, ನಾನು ಕಟ್ಟಿಹಾಕಿದ್ದೆ. ನಮ್ಮನ್ನು ಎಬ್ಬಿಸಲು ಕಾಗದ ಕಳಿಸಿದವನು, ನಮ್ಮನ್ನು ಯಾರೂ ಎಬ್ಬಿಸಬಾರದು ಎಂದು ಭಾಷಣ ಮಾಡಿದವನು, ಇಬ್ಬರೂ ಒಬ್ಬನೇ.

"ಇದು ಹೆಂಗೆ ಸೀಳ್ತು ಆಚಾರ್ರೇ?" ದಾದಾಪೀರ್ ಕೇಳಿದ.

ಮತದಾನಕ್ಕೆ ಇನ್ನೂ ನಾಲ್ಕು ದಿನವಿತ್ತು. ಆಗ ನಾನು ಬಾಯಿ ಬಿಟ್ಟಿದ್ದರೆ ಎಲ್ಲ ತಿರುಗುತ್ತಿತ್ತೋ ಏನೋ. ಆದರೆ ಬೆಳಿಗ್ಗೆ ಸಾವಿರ ಜನರ ಮುಂದೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಬೇಕಿತ್ತು. ಗೆದ್ದ ಮೇಲಾದರೂ ನಾನು ಮಾಡಿದ ಉಪಕಾರ ನೆನೆಸಿಕೊಂಡು ಮನೆ ಉಳಿಸುತ್ತಾರೆ ಎನ್ನುವ ಕೊಳಕು ಆಸೆಯೂ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

"ಮರ ಹಸಿ ಇತ್ತು ಕಣಪ್ಪ," ಅಂದೆ.

ನನ್ನ ಜೀವಮಾನದಲ್ಲಿ ಹಸಿ ಮರ ಮುಟ್ಟಿದವನಲ್ಲ ನಾನು. ಅದು ದಾದಾಪೀರನಿಗೂ ಗೊತ್ತು. ಅವನು ಸೀಳಿದ ಅಗುಳಿಯನ್ನು ಸೌದೆಯ ರಾಶಿಯ ಮೇಲೆ ಹಾಕಿ, "ಹೌದಾ," ಅಂದ.

ಮತದಾನ ಮುಗಿಯುವವರೆಗೂ ನಾವು ಬಾಗಿಲು ಮುಚ್ಚಲಿಲ್ಲ. ಮುಚ್ಚಿದರೆ ನಾನು ಹೊರಗಿಂದ ಬಂದಾಗ ಅದು ತೆರೆಯುವುದಿಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಹಗಲೆಲ್ಲ ನಾಯಿಗಳು ಬಂದು ಹೋದವು. ಕುತೂಹಲದ ಜನ ಬಂದು ಇಣುಕಿದರು. "ಮನೆ ಯಜಮಾನ್ರು ಇದ್ದಾರಾ?" ಎಂದು ಮಕ್ಕಳು ಕೂಗಿ ಓಡುತ್ತಿದ್ದವು. ಮಂಗಳ ನಾಲ್ಕು ದಿನವೂ ಬಾಗಿಲ ಮರೆಯ ಗೋಡೆಗೆ ಒರಗಿ ಕೂತೇ ಇದ್ದಳು. ಆಮೇಲೂ ಯಾರಾದರೂ ನೋಡಿಯಾರೆಂದು ನಾನು ಹಿತ್ತಲಿಂದಲೇ ಒಳಗೆ ಬರುತ್ತಿದ್ದೆ.

ಚಿದಂಬರಯ್ಯ ಗೆದ್ದರು. ಹಿಂದೆ ಯಾರೂ ಹಾಗೆ ಗೆದ್ದಿರಲಿಲ್ಲವಂತೆ. ಅಧ್ಯಕ್ಷರಾದವರಿಗೆ ಊರಿನ ಖರ್ಚಿನಲ್ಲಿ ಜಟಕಾ ಕೊಡುತ್ತಾರೆ, ಆ ಮೇಲೆ ಅವರು ಕಾಲು ನೆಲಕ್ಕಿಟ್ಟದ್ದನ್ನು ನಾನು ನೋಡಲಿಲ್ಲ. ನಾಲ್ಕು ಸಲ ಆ ಒಂದು ಕೋಣೆಯ ಮುಂದೆ ಹೋಗಿ ನಿಂತೆ. ಮೂರು ಸಲ ಅಯ್ಯನೋರು ಮೌನವ್ರತದಲ್ಲಿದ್ದಾರೆ ಅಂದರು. ನಾಲ್ಕನೆಯ ಸಲ ಅವರ ಕಡೆಯವನು ಹೊರಗೆ ಬಂದು, "ಮನೆ ಇರೋರಿಗೆ ಇಲ್ಲೇನು ಕೆಲಸ?" ಎಂದು ಕೇಳಿದ.

ಬೇಸಿಗೆಯ ಕೊನೆಗೆ ಗುಮಾಸ್ತ ಅದೇ ಸೈಕಲ್ಲಿನಲ್ಲಿ ಬಂದು ತೆರವಿನ ಕಾಗದ ಓದಿದ. ಕಾನೂನು ಏನಾಯಿತು ಎಂದು ದಾದಾಪೀರ್ ಕೇಳಿದ. ಬರುತ್ತೆ, ಮುಂದಿನ ವರ್ಷ ಬರುತ್ತೆ, ಅದುವರೆಗೂ ನಿಮಗೆಲ್ಲ ಕೆರೆಯಾಚೆ ತಗಡಿನ ಸಾಲುಮನೆ ಕೊಟ್ಟಿದ್ದಾರೆ ಅಧ್ಯಕ್ಷರು, ದೇವರಂಥ ಮನುಷ್ಯ ಅಂದ ಗುಮಾಸ್ತ. ಹದಿಮೂರು ಸಂಸಾರಗಳಿಗೆ ಚೀಟಿ ಹಂಚಿದ. ನಾನು ಕೈ ಚಾಚಿದೆ.

"ನಿಮಗೆಂಥದ್ದು ಆಚಾರ್ರೇ? ಮನೆ ಇಲ್ಲದೋರಿಗೆ ಮಾತ್ರ ಇದು."

ನನಗೆ ತಡೆಯಲಾಗಲಿಲ್ಲ. ಬಾಗಿಲನ್ನು ದಡಾರನೆ ಹಾಕಿದೆ. ಬೀದಿಯವರನ್ನೆಲ್ಲ ಕೂಗಿ ಕರೆದೆ. "ನೋಡ್ರಪ್ಪ, ಎಲ್ರೂ ಕಣ್ಣು ಬಿಟ್ಟು ನೋಡಿ!" ಎಂದು ಬೀದಿಯ ಆ ತುದಿಯಿಂದ ನಡೆದು ಬಂದು ನನ್ನ ಮನೆ ಮುಂದೆ ನಿಂತೆ. ಬಾಗಿಲು ಅಲುಗಲಿಲ್ಲ. ಇನ್ನೊಂದು ಸಲ ನಡೆದೆ. ಚಪ್ಪಲಿ ಬಿಟ್ಟು ಮತ್ತೊಂದು ಸಲ ನಡೆದೆ. "ತೆರೀತಾ? ತೆರೀಲಿಲ್ಲ ಅಲ್ವಾ? ಅವತ್ತು ನಾನು ಹೇಳಿದ್ದು ಸುಳ್ಳು. ತೆರೆದಿದ್ದು ಅವನಿಗೆ. ನಿಮ್ಮ ಹದಿಮೂರು ಬಾಗಿಲೂ ಅವನವೇ. ಆ ಅಗುಳಿಗಳು ಸುಮ್ನೆ ಸೀಳಲಿಲ್ಲ!"

 ಎಲ್ಲರ ಕೈಯಲ್ಲೂ ಚೀಟಿಗಳಿದ್ದವು. ದಾದಾಪೀರ್ ಒಂದು ಸಲ ಬಾಗಿಲನ್ನೂ ಒಂದು ಸಲ ನನ್ನನ್ನೂ ನೋಡಿದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಯಾವಾಗ ಮಾರಿದ್ರಿ ಆಚಾರ್ರೇ?"

 ಕೊಂಡಿದ್ದೇನೆ ಎಂದು ನಂಬಿಸಿದ ಬಾಯಿ ಇದೇ. ಮಾರಿಲ್ಲ ಎಂದು ಈ ಬಾಯಿಂದ ಹೇಗೆ ನಂಬಿಸಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಮಾರ್ಕೆಟ್ಟಿನವರಿಗೆ ಒಳ್ಳೆಯ ರೇಟಿಗೆ ಕೊಟ್ಟಿರಬೇಕು ಎಂದು ಹಿಂದಿನಿಂದ ಒಬ್ಬಳು ಹೆಂಗಸು ಹೇಳಿದಳು. ದುಡ್ಡು ಕೈಯಲ್ಲಿಟ್ಟುಕೊಂಡು ಬಡವರ ತಗಡಿಗೂ ಕೈ ಚಾಚುತ್ತಾನಲ್ಲ ಎಂದು ಇನ್ನೊಬ್ಬಳು ಅಂದಳು. ಒಬ್ಬೊಬ್ಬರಾಗಿ ತಮ್ಮ ತಮ್ಮ ಸಾಮಾನು ಕಟ್ಟಲು ಹೋದರು.

ನಾನು ಬಾಗಿಲು ತಟ್ಟಿದೆ. ಮಂಗಳ ಬಂದು ತೆಗೆದಳು.

ನಮ್ಮ ಸಾಮಾನು ಒಂದು ಕೈಗಾಡಿಯಲ್ಲಿ ಹಿಡಿಯಿತು. ಎಲ್ಲಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸದ್ಯಕ್ಕೆ ನನ್ನ ಕೆಲಸದ ಕೊಟ್ಟಿಗೆ ಎಂದೆ. ಅದಕ್ಕೆ ಗೋಡೆ ಮೂರೇ ಇವೆ ಎಂದು ಅವಳಿಗೂ ಗೊತ್ತಿತ್ತು. ಗಾಡಿಯ ಹಗ್ಗ ಬಿಗಿಯುತ್ತ, ತಲೆ ಎತ್ತದೆ, ಅಷ್ಟು ದಿನಗಳಾದ ಮೇಲೆ ಅವಳು ಮೊದಲ ಸಲ ಆ ದಿನದ ಮಾತೆತ್ತಿದಳು.

"ಈ ಮನೆಗೆ ಬಂದ ಹೊಸದರಲ್ಲಿ ನನ್ನ ಅಕ್ಕ ಬಂದಿದ್ಲಲ್ಲ, ನೆನಪಿದ್ಯಾ? ಅವಳ ಮುಂದೆ ಒಂದೇ ಒಂದು ಸಲ ನಮ್ಮ ಮನೆ ಅನ್ನಿ, ಅವಳೇನು ಪರೀಕ್ಷೆ ಮಾಡೋಕೆ ಬರಲ್ಲ ಅಂತ ನಿಮ್ಮ ಕಾಲು ಹಿಡ್ಕೊಂಡಿದ್ದೆ. ಸುಳ್ಳು ನನ್ನ ಬಾಯಲ್ಲಿ ಬರಲ್ಲ ಅಂದ್ರಿ. ಅಕ್ಕ ನಗ್ತಾ ಹೋದ್ಲು. ಹೋಗ್ಲಿ, ನನ್ನ ಗಂಡ ಸುಳ್ಳಾಡಲ್ಲ ಅಂತ ನಾನೂ ತಲೆ ಎತ್ಕೊಂಡೇ ಬಾಳಿದೆ." ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. "ನನಗೋಸ್ಕರ ಬಾಯಲ್ಲಿ ಬರದೇ ಇದ್ದ ಸುಳ್ಳು, ಅವನಿಗೋಸ್ಕರ ಎಷ್ಟು ಸಲೀಸಾಗಿ ಬಂತಲ್ರೀ."

ನಾನು ಗಾಡಿಯ ಮೂಕಿ ಹಿಡಿದುಕೊಂಡೆ. ಹಿಂದಿನಿಂದ ಅವಳು ತಳ್ಳುತ್ತಾಳೆಂದು ಸ್ವಲ್ಪ ಹೊತ್ತು ಕಾದೆ. ಅವಳು ತಳ್ಳಲಿಲ್ಲ. ಒಬ್ಬನೇ ಎಳೆದುಕೊಂಡು ಹೊರಟೆ.